ಶುಂಭ ವಿವಾಹ

ಮನೆಯಲ್ಲಿ ಮದುವೆ ಮಾತುಕತೆ ನಡೆಯುವಾಗ ಗಂಡಸರು ಬಾಯಿಗೆ ಒಂದು ಕವಳ ಹಾಕಿಕೊಂಡು ಕೂತಿರಬೇಕು. ಬಾಯಿ ತುಂಬಿದ್ದರೆ ಬೇಡದ ಮಾತು ಹೊರಗೆ ಬೀಳಲ್ಲ. ಅವತ್ತು ನಾನು ಕವಳ ಹಾಕಿರಲಿಲ್ಲ. ಅಕ್ಕನ ಮಗಳ ಮದುವೆಗೆ ತಾಂಬೂಲದ ಚೀಲ ಪ್ರಿಂಟ್ ಮಾಡಿಸಲು ಎಷ್ಟಾಗುತ್ತದೆ ಅಂತ ಭಾವ ಲೆಕ್ಕ ಹಾಕುತ್ತಿದ್ದರು. "ಸುಮ್ನೆ ಯಾಕೆ ದುಡ್ಡು ದಂಡ? ನಾನೇ ಮನೇಲಿ ಹಾಕಿಕೊಡ್ತೀನಿ" ಅಂದುಬಿಟ್ಟೆ.

ಚೀಲ 300. ಮದುವೆ ಶ್ರಾವಣದಲ್ಲಿ. ಊರು ತೀರ್ಥಹಳ್ಳಿ. ಈ ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸುವ ಬುದ್ಧಿ ಆಗ ಬರಲಿಲ್ಲ.

ಸ್ಕ್ರೀನ್ ಪ್ರಿಂಟಿಂಗ್ ನನಗೆ ಪೂರ್ತಿ ಹೊಸದಲ್ಲ. ಕಾಲೇಜಿನಲ್ಲಿದ್ದಾಗ ಎಣ್ಣೆ ಇಂಕಿನಲ್ಲಿ ಒಂದೆರಡು ಬ್ಯಾನರ್ ಹಾಕಿದ್ದೆ. ಆದರೆ ಆ ಇಂಕಿಗೆ ಥಿನ್ನರ್ ಬೇಕು, ಥಿನ್ನರ್ ವಾಸನೆಗೆ ಅಮ್ಮನಿಗೆ ತಲೆನೋವು. ಬಟ್ಟೆಗೆ ನೀರಿನ ಇಂಕೇ ಒಳ್ಳೆಯದು ಬೇರೆ. ಬಟ್ಟೆಯೊಳಗೆ ಇಳಿಯುತ್ತದೆ, ಮುಟ್ಟಿದರೆ ರಬ್ಬರ್ ಪಟ್ಟಿಯ ಹಾಗೆ ಸಿಗಲ್ಲ, ಕೈಗೆ ಮೆತ್ತಿದರೆ ನಲ್ಲಿ ನೀರಿಗೇ ಹೋಗುತ್ತದೆ.

ತೊಂದರೆ ಇದ್ದದ್ದೇ ಅಲ್ಲಿ. ಫ್ರೇಮಿಗೆ ಬಿಗಿದ ಪಾಲಿಯೆಸ್ಟರ್ ಬಲೆಗೆ ಎಮಲ್ಷನ್ ಅನ್ನೋ ಅಂಟು ಸವರುತ್ತೇವೆ. ಕತ್ತಲಲ್ಲಿ ಒಣಗಿಸಿ, ಮೇಲೆ ಅಕ್ಷರದ ಫಿಲಂ ಇಟ್ಟು ಬೆಳಕು ಬಿಡುತ್ತೇವೆ. ಬೆಳಕು ತಾಗಿದ್ದು ಗಟ್ಟಿಯಾಗುತ್ತದೆ. ಅಕ್ಷರದ ನೆರಳಲ್ಲಿ ಉಳಿದದ್ದು ನೀರು ಬಿಟ್ಟರೆ ಕರಗಿ ಹೋಗುತ್ತದೆ. ಆ ಸಂದಿಯಲ್ಲಿ ಇಂಕು ಇಳಿದು ಅಕ್ಷರ ಮೂಡುತ್ತದೆ. ಅಂದರೆ ನಿನ್ನೆಯವರೆಗೆ ನೀರು ಕಂಡರೆ ಕರಗುತ್ತಿದ್ದ ಪುಣ್ಯಾತ್ಮ ಇವತ್ತು 300 ಸಲ ನೀರಿನ ಇಂಕನ್ನು ಮೈಮೇಲೆ ಎಳೆಸಿಕೊಂಡು ಕಲ್ಲಿನ ಹಾಗೆ ಕೂರಬೇಕು. ಅರ್ಧಂಬರ್ಧ ಗಟ್ಟಿಯಾಗಿದ್ದರೆ ಹಳೇ ಚಾಳಿ ಶುರು.

ಶಿವಮೊಗ್ಗದ ಅಂಗಡಿಯವರು ಪಾಪ ಕೇಳಿದರು. "ನೀರಿನ ಇಂಕಿಗಾ, ಎಣ್ಣೆ ಇಂಕಿಗಾ?" ಎಮಲ್ಷನ್‌ನಲ್ಲೂ ಜಾತಿ ಇರುತ್ತದೆ ಅಂತ ನನಗೇನು ಗೊತ್ತು? "ಯಾವುದಾದ್ರೂ ಕೊಡಿ, ಎಲ್ಲಾ ಒಂದೇ ಅಲ್ವಾ" ಅಂದೆ. ಕೊಟ್ಟರು. ಥಿನ್ನರಿಗೆ ಜಗ್ಗದ, ನೀರಿಗೆ ಶರಣಾಗುವ ಜಾತಿ ಅದು. 23ನೇ ಚೀಲಕ್ಕೆ ಅಕ್ಷರದ ಅಂಚು ಬಿಟ್ಟುಕೊಂಡಿತು. 25ಕ್ಕೆ ಚೀಲದ ಮೇಲೆ ಅಕ್ಷರವೇ ಇಲ್ಲ, ಒಂದು ದೊಡ್ಡ ಕುಂಕುಮದ ಕಲೆ. ಮತ್ತೆ ಬಸ್ಸು ಹತ್ತಿದೆ. ಹೋಗಲು 60 ಕಿಲೋಮೀಟರ್, ಬರಲು 60.

ಎರಡನೇ ಸಲ ಸರಿಯಾದ ಡಬ್ಬಿಯನ್ನೇ ತಂದೆ. ಬೆಳಕಿಗೆ ಗಟ್ಟಿಯಾಗಲಿ ಅಂತ ಅದಕ್ಕೆ ಡಯಜೋ ಅನ್ನೋ ಪುಡಿ ಕಲಸಬೇಕು. ಕಲಸಿ, ಗುಳ್ಳೆ ಇಳಿಯಲಿ ಅಂತ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟೆ. "ಏನೋ ಇದು, ಹೆಪ್ಪು ಹಾಕಿದೀಯಾ?" ಅಂತ ಅಮ್ಮ ಚಮಚ ತಗೊಂಡು ಬಂದಾಗ ಓಡಿಹೋಗಿ ಕಸಿದುಕೊಂಡೆ.

ಗಟ್ಟಿ ಇರಲಿ ಅಂತ ದಪ್ಪಗೆ ನಾಲ್ಕು ಕೋಟು ಹೊಡೆದೆ. ಅಕ್ಕಿರೊಟ್ಟಿ ದಪ್ಪ ತಟ್ಟಿದರೆ ಒಳಗೆ ಬೇಯಲ್ಲ ಅನ್ನೋದು ಗೊತ್ತಿದ್ದೂ ಹೊಡೆದೆ. ಕತ್ತಲು ಬೇಕಲ್ಲ, ಬಚ್ಚಲುಮನೆಗೆ ಝೀರೋ ಕ್ಯಾಂಡಲ್ಲಿನ ಹಳದಿ ಬಲ್ಬು ಹಾಕಿ ಅಲ್ಲಿಟ್ಟೆ. ಮಳೆಗಾಲದ ಬಚ್ಚಲಲ್ಲಿ ಎಮಲ್ಷನ್ ಒಣಗಿಸೋದು ಕೆರೆಯಲ್ಲಿ ನಿಂತು ಟವೆಲ್ ಒಣಗಿಸಿದ ಹಾಗೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಒಳಗೆ ಪಸೆ. ಪಸೆ ಇರುವ ಎಮಲ್ಷನ್‌ಗೆ ಎಷ್ಟು ಬೆಳಕು ಕೊಟ್ಟರೂ ಪೂರ್ತಿ ಗಟ್ಟಿಯಾಗಲ್ಲ.

ಇನ್ನು ಬೆಳಕು. ತೀರ್ಥಹಳ್ಳಿಯ ಶ್ರಾವಣದಲ್ಲಿ ಬಿಸಿಲು ಅಂದರೆ ಮನೆಗೆ ಬಂದ ದೊಡ್ಡ ಮನುಷ್ಯರ ಹಾಗೆ. ಬಾಗಿಲಲ್ಲೇ ನಿಂತು ಹೋಗುತ್ತಾರೆ, ಕೂರಲ್ಲ. ಫ್ರೇಮಿಗೆ ಕಂಬಳಿ ಸುತ್ತಿ ಕಾದು ಕೂತೆ. ಬಿಸಿಲು ಬಂದ ಕೂಡಲೇ ಎದೆಗೆ ಅವುಚಿಕೊಂಡು ತಾರಸಿಗೆ ಓಡುತ್ತಿದ್ದೆ, ಮೆಟ್ಟಿಲು ಹತ್ತುವಷ್ಟರಲ್ಲಿ ಮೋಡ. ಮೂರನೇ ಓಟಕ್ಕೆ ಎದುರುಮನೆಯವರು ಗೇಟಿನ ಹತ್ತಿರ ಬಂದು, "ಮಗೂಗೆ ಹುಷಾರಿಲ್ವಾ? ನಮ್ಮ ಕಾರ್ ತೆಗೀಲಾ?" ಅಂದರು. ಅಂತೂ ಮೋಡದ ಸಂದಿಯಲ್ಲಿ ಮೂರು ನಿಮಿಷ ಸಿಕ್ಕಿತು. ನೀರು ಹಾಕಿದೆ. ಅಕ್ಷರ ಚೆಂದವಾಗಿ ಬಿಟ್ಟುಕೊಂಡವು.

ಮೊದಲ ಹತ್ತು ಚೀಲ ನೋಡಿದರೆ ಅಂಗಡಿಯವೂ ನಾಚಬೇಕು. "ಶುಭ ವಿವಾಹ", ಕೆಳಗೆ ಹುಡುಗ ಹುಡುಗಿ ಹೆಸರು, ಅದರ ಕೆಳಗೆ "ಬಂದು ಹರಸಿದ್ದಕ್ಕೆ ವಂದನೆ". ಫಿಲಂ ಮೇಲೆ ಎಲ್ಲೋ ಧೂಳಿನ ಕಣ ಕೂತಿತ್ತು ಅಂತ ಕಾಣುತ್ತದೆ. ಅದರ ನೆರಳಿಗೆ ಒಂದು ಸೂಜಿತೂತು ಆಗಿತ್ತು. ಆಗೋದು ಆಗಿ, "ಶು" ಮತ್ತು "ಭ" ನಡುವೆಯೇ ಆಗಬೇಕಾ? ಹತ್ತನೇ ಚೀಲದಲ್ಲಿ ಅದು ಸಾಸಿವೆ ಕಾಳು. ಇಂಕಿನ ನೀರು ಕುಡಿದು ಕುಡಿದು ನಲವತ್ತಕ್ಕೆ ಮೆಣಸಿನ ಕಾಳಾಯಿತು. ಎಣಿಸುವ ಭರದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಅರವತ್ತೊಂದಕ್ಕೆ ಅಕ್ಕ ಕಾಫಿ ತಂದವಳು ನಿಂತು ಗಟ್ಟಿಯಾಗಿ ಓದಿದಳು: "ಶುಂಭ ವಿವಾಹ."

ಜಗಲಿ ಒಂದು ಗಳಿಗೆ ಸ್ತಬ್ಧ. ಆಮೇಲೆ ಭಾವ ಕನ್ನಡಕ ಏರಿಸಿ ಚೀಲ ನೋಡಿದರು. "ಇರಲಿ ಬಿಡೋ. ಎಲ್ಲಾ ಮದುವೆಗೂ ಹೊಂದುತ್ತೆ" ಅಂದರು. ಅಕ್ಕ ಕಾಫಿ ಲೋಟ ಅವರಿಗೆ ಕೊಡದೆ ವಾಪಸ್ ತಗೊಂಡು ಹೋದಳು.

ಅಷ್ಟೇ ಅಲ್ಲ. ಕನ್ನಡ ಲಿಪಿ ಈ ಕೆಲಸಕ್ಕೆ ಎಷ್ಟು ಕಠಿಣ ಅಂತ ಅವತ್ತು ತಿಳಿಯಿತು. ನಮ್ಮ ಅಕ್ಷರಗಳಿಗೆಲ್ಲ ಹೊಟ್ಟೆ ಇದೆ. "ವಂದನೆ"ಯ ಸೊನ್ನೆಯನ್ನೇ ನೋಡಿ. ಸುತ್ತಲೂ ಇಂಕಿನ ಕಾಲುವೆ, ಮಧ್ಯೆ ಎಮಲ್ಷನ್ನಿನ ಒಂದು ನಡುಗಡ್ಡೆ. ನನ್ನ ಬಲೆಯಲ್ಲಿ ಸೆಂಟಿಮೀಟರಿಗೆ 43 ಎಳೆ. 2 ಮಿಲಿಮೀಟರ್ ಅಗಲದ ಆ ನಡುಗಡ್ಡೆ ಎಂಟೊಂಬತ್ತು ಎಳೆ ಹಿಡಿದುಕೊಂಡು ಜೀವ ಉಳಿಸಿಕೊಳ್ಳಬೇಕು. ಉಳಿಸಿಕೊಳ್ಳಲಿಲ್ಲ. ಕಳಚಿ ಹೋಗಿ, ಸೊನ್ನೆ ಇದ್ದಲ್ಲಿ ಕಡಲೆಕಾಳಿನಷ್ಟು ಗುಂಡು ಬೊಟ್ಟು. ಇಂಗ್ಲಿಷಿನಲ್ಲೂ ಹೊಟ್ಟೆಯ ಅಕ್ಷರ ಇವೆ, ಆದರೆ ನಮ್ಮಷ್ಟು ಊಟ ಮಾಡಿದವಲ್ಲ.

ಕೊನೆಗೆ ನಮ್ಮ ಪೇಟೆಯ ಹಳೇ ಪ್ರಿಂಟರ್ ಒಬ್ಬರ ಮನೆಗೆ ಫ್ರೇಮ್ ಹೊತ್ತುಕೊಂಡು ಹೋದೆ. ಒಂದು ಕಾಲದಲ್ಲಿ ಊರಿನ ಮದುವೆ ಕಾಗದವೆಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಅವರು ಮಾತೇ ಆಡಲಿಲ್ಲ. ಬೆರಳು ನೀರಿಗೆ ಅದ್ದಿ, ಸ್ಕ್ರೀನಿನ ಒಳಮೈಗೆ ಒಂದು ಸಲ ಸವರಿ ನನಗೆ ತೋರಿಸಿದರು. ಲೋಳೆ.

"ಇಡ್ಲಿ ಬೆಂದಿದೆಯಾ ಅಂತ ಹೆಂಗೆ ನೋಡ್ತಾರೆ? ಒದ್ದೆ ಬೆರಳು ಮುಟ್ಟಿಸಿ. ಅಂಟಿದ್ರೆ ಬೆಂದಿಲ್ಲ. ಇದೂ ಅಷ್ಟೇ" ಅಂದರು.

ಅವರ ಕಾಲದಲ್ಲಿ ಡಯಜೋ ಗಿಯಜೋ ಇರಲಿಲ್ಲವಂತೆ. ಕಿತ್ತಳೆ ಬಣ್ಣದ ಬೈಕ್ರೋಮೇಟ್ ಕಲಸುತ್ತಿದ್ದರಂತೆ. 1839ರಲ್ಲಿ ಸ್ಕಾಟ್ಲೆಂಡಿನ ಮಂಗೋ ಪಾಂಟನ್ ಎಂಬಾತ ಅದು ಬೆಳಕಿಗೆ ಸ್ಪಂದಿಸುತ್ತದೆ ಅಂತ ಕಂಡುಹಿಡಿದದ್ದನ್ನು ನಾನು ಓದಿಕೊಂಡಿದ್ದೆ, ಹೇಳಿದೆ. "ಮಂಗ ಯಾರಾದ್ರೂ ಆಗಲಿ, ಅದು ವಿಷ. ನೀನು ಮುಟ್ಟಬೇಡ" ಅಂದರು. ಮಾತು ನಿಜ, ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು.

ಮೂರನೇ ಸ್ಕ್ರೀನು ಅವರ ಫ್ರೇಮು, ಅವರ ಮನೆ, ಅವರ ಬೈಗುಳ. ಮೊದಲು ಬಲೆಯನ್ನು ಸೋಪಿನಲ್ಲಿ ತೊಳೆಸಿದರು. ನನ್ನ ಕೈಯಲ್ಲಿದ್ದ ತಲೆಗೆಣ್ಣೆ ಬಲೆಗೆ ಹತ್ತಿದ ಕಡೆಯೆಲ್ಲ ಎಮಲ್ಷನ್ ಹಿಡಿಯಲ್ಲವಂತೆ. ಹೊರಗೊಂದು ಒಳಗೊಂದು, ತೆಳ್ಳಗೆ ಎರಡೇ ಕೋಟು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನು, ಹೀಟರು, ಇಡೀ ರಾತ್ರಿ. ಬೆಳಿಗ್ಗೆ ಟ್ಯೂಬ್‌ಲೈಟಿನ ಪೆಟ್ಟಿಗೆಯಲ್ಲಿ ಪರೀಕ್ಷೆ. ರಟ್ಟು ಮುಚ್ಚಿ ಎರಡೆರಡು ನಿಮಿಷಕ್ಕೆ ಒಂದು ಪಟ್ಟಿ ಸರಿಸುತ್ತಾ ಹೋದರು. ಎರಡು, ನಾಲ್ಕು, ಆರು, ಎಂಟು, ಹತ್ತು. ಡಯಜೋದ ಹಳದಿ ಬಣ್ಣ ಪಟ್ಟಿಯಿಂದ ಪಟ್ಟಿಗೆ ಕಮ್ಮಿಯಾಗುತ್ತಾ ಬಂತು. ಎಂಟಕ್ಕೂ ಹತ್ತಕ್ಕೂ ವ್ಯತ್ಯಾಸ ಕಾಣಲಿಲ್ಲ. "ಎಂಟು ಸಾಕು" ಅಂದರು. ತೊಳೆದು ಒಣಗಿಸಿದ ಮೇಲೆ ಫಿಲಂ ಇಲ್ಲದೆ ಇನ್ನೊಂದು ಸಲ ಬೆಳಕಿಗೆ ಇಟ್ಟರು. ಅಕ್ಷರ ಹೇಗೂ ತೆರೆದಾಗಿದೆ, ಇನ್ನು ಉಳಿದದ್ದು ಎಷ್ಟು ಬೆಂದರೂ ಲಾಭವೇ.

ಅಷ್ಟಕ್ಕೇ ಸಾಕಾಗಿತ್ತು. ನನಗೆ ಶುಂಭನ ಹೆದರಿಕೆ. ಅವರ ಕಪಾಟಿನಲ್ಲಿ ಎಮಲ್ಷನ್ ಇನ್ನೂ ಗಟ್ಟಿ ಮಾಡುವ ಹಾರ್ಡನರ್ ಬಾಟಲಿ ಕಂಡಿತು, ಅದನ್ನೂ ಸವರೋಣ ಅಂದೆ. "ಅದು ಹಾಕಿದ್ರೆ ಆಮೇಲೆ ಬಿಚ್ಚಲ್ಲ ನೋಡು" ಅಂದರು.

"ಬಿಚ್ಚೋದು ಯಾರಿಗೆ ಬೇಕು?" ಅಂದೆ. ಅವತ್ತೂ ಬಾಯಲ್ಲಿ ಕವಳ ಇರಲಿಲ್ಲ.

ಎಲ್ಲಾ ಚೀಲ ಮುಗಿದವು. ಒಂದು ಅಕ್ಷರ ಕದಲಲಿಲ್ಲ. ಮದುವೆ ಚೆನ್ನಾಗಾಯಿತು, ಹೋಳಿಗೆ ಸ್ವಲ್ಪ ಗಟ್ಟಿ. ಕೆಟ್ಟುಹೋದ ಚೀಲಗಳು ನಮ್ಮ ಮನೆಗೇ ಬಂದವು. ಈಗಲೂ ಸಂತೆಗೆ ಹೋದರೆ ತರಕಾರಿಯವಳು "ಶುಂಭಣ್ಣ ಬಂದ್ರು" ಅನ್ನುತ್ತಾಳೆ.

ಆಮೇಲೆ ಫ್ರೇಮು ವಾಪಸ್ ಕೊಡಬೇಕಲ್ಲ. ಎಮಲ್ಷನ್ ಬಿಚ್ಚಿಸುವ ಸ್ಟ್ರಿಪ್ಪರ್ ಹಾಕಿದೆ. ಮತ್ತೆ ಹಾಕಿದೆ. ಬ್ರಷ್ಷಿನ ಕೂದಲು ಉದುರಿತು, "ಶುಭ ವಿವಾಹ" ಉದುರಲಿಲ್ಲ. ಹಳೇ ಪ್ರಿಂಟರ್ ಒಂದು ಮಾತೂ ಆಡದೆ ಹೊಸ ಫ್ರೇಮಿನ ರೇಟು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೂರು ಸಲದ ಶಿವಮೊಗ್ಗ ಬಸ್ಸು, ಎರಡು ಡಬ್ಬಿ ಎಮಲ್ಷನ್, ಹೆಚ್ಚುವರಿ ಚೀಲ, ಈ ಫ್ರೇಮು, ಎಲ್ಲಾ ಕೂಡಿಸಿದರೆ ಭಾವ ಮೊದಲು ಹಾಕಿದ್ದ ಲೆಕ್ಕದ ಎರಡರಷ್ಟು.

ಫ್ರೇಮು ಈಗ ನಮ್ಮ ಬಚ್ಚಲುಮನೆಯ ಕಿಂಡಿಗೆ ಕೂತಿದೆ. ಅಳತೆ ಮಾಡಿ ತಂದ ಹಾಗೆ ಹೊಂದಿತು. ದಿನಾ ಬೆಳಿಗ್ಗೆ ಹಂಡೆಯ ಹಬೆ, ಮಕ್ಕಳು ಎರಚುವ ನೀರು, ಹೊರಗಿನಿಂದ ಮಳೆಯ ಎರಚಲು. ಮೂರು ಮಳೆಗಾಲ ಆಯಿತು. ಭಾವ ಊರಿಗೆ ಬಂದಾಗಲೆಲ್ಲ ಸ್ನಾನಕ್ಕೆ ಹೋದವರು ಒಳಗಿನಿಂದಲೇ ಕೂಗಿ ವರದಿ ಕೊಡುತ್ತಾರೆ:

"ಸೊನ್ನೆ ಇನ್ನೂ ಇದೆ ಕಣೋ!"