ಸತ್ಯಾಂಶ: ‘ಗ್ಲಾಮರ್’ ಹುಟ್ಟಿದ್ದು ವ್ಯಾಕರಣದಿಂದ

‘ಗ್ಲಾಮರ್ ಪದದೊಳಗೆ ಪ್ರೀತಿ ಎಂಬರ್ಥದ ಫ್ರೆಂಚ್‌ನ ಅಮೂರ್ ಅಡಗಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುತ್ತದೆ. ಇದು ನಿಜವಲ್ಲ, ಕಾಗುಣಿತದ (glamour, amour) ಹೋಲಿಕೆಯಷ್ಟೇ.

ಗ್ಲಾಮರ್‌ನ ಮೂಲ ‘ಗ್ರಾಮರ್’, ಅಂದರೆ ವ್ಯಾಕರಣ. ಓದು ಬಲ್ಲವರೇ ವಿರಳವಾಗಿದ್ದ ಮಧ್ಯಯುಗದ ಯುರೋಪಿನಲ್ಲಿ ಗ್ರಾಮರ್ ಎಂದರೆ ಒಟ್ಟು ವಿದ್ಯೆ. ಜನರ ಕಣ್ಣಿಗೆ ಮಂತ್ರವಿದ್ಯೆಯೂ ಅದರೊಳಗೇ ಸೇರಿತ್ತು. ಸ್ಕಾಟ್ಲೆಂಡಿನವರ ನಾಲಿಗೆಯಲ್ಲಿ ‘ರ’ಕಾರ ‘ಲ’ಕಾರವಾಗಿ, 18ನೇ ಶತಮಾನದ ಹೊತ್ತಿಗೆ ಗ್ಲಾಮರ್ ಎಂದರೆ ಕಣ್ಕಟ್ಟು ಎಂದಾಯಿತು. ಅಲ್ಲಿನ ಕವಿ ವಾಲ್ಟರ್ ಸ್ಕಾಟ್ 1805ರ ಕಾವ್ಯದಲ್ಲಿ ಅದನ್ನು ಬಳಸಿದ: ಆ ಮಾಯೆ ಕವಿದರೆ ಸೆರೆಮನೆ ಗೋಡೆಯ ಜೇಡರಬಲೆಯೂ ಅರಮನೆಯ ಚಿತ್ತಾರದ ತೆರೆಯಂತೆ ಕಾಣುತ್ತದೆ. ಎಷ್ಟು ಚೆಂದದ ಚಿತ್ರ! ರೂಪದ ಸೆಳೆತ ಎಂಬ ಇಂದಿನ ಅರ್ಥ ಆಮೇಲಿನದು.

ನಮ್ಮ ‘ಮೋಡಿ’ಯೂ ಹಾಗೆಯೇ ಅಲ್ಲವೇ? ಮಾಟಗಾರ ಹಾಕುವುದೂ ಮೋಡಿ, ಗಾಯಕಿಯ ಕಂಠ ಮಾಡುವುದೂ ಮೋಡಿ.