ಕರುಳಿನ ಕ್ಯಾನ್ಸರ್: ಸರ್ಕಾರದ ದುಡ್ಡು ನ್ಯಾನೋ ಮದ್ದಿಗೆ ಹೋಗಬೇಕೇ?

ಪರ

ದೊಡ್ಡ ಕರುಳಿನ ಕ್ಯಾನ್ಸರಿಗೆ ಇವತ್ತಿಗೂ ಆಧಾರ 1957ರಲ್ಲಿ ಬೆಳಕಿಗೆ ಬಂದ 5-ಫ್ಲೋರೋಯುರಾಸಿಲ್. ಜೊತೆಗೆ ಆಕ್ಸಾಲಿಪ್ಲಾಟಿನ್, ಇಲ್ಲವೇ ಇರಿನೋಟೆಕಾನ್. ಮೊದಮೊದಲು ಗಡ್ಡೆ ಕುಗ್ಗುತ್ತದೆ. ಎಷ್ಟೋ ಜನರಲ್ಲಿ ಆಮೇಲೆ ಅದೇ ಮದ್ದಿಗೆ ಜಗ್ಗುವುದಿಲ್ಲ. ಒಂದು ಕಾರಣ, ಕೋಶದ ಪೊರೆಯಲ್ಲಿರುವ ಪ್ರೋಟೀನು ಪಂಪುಗಳು. ಇರಿನೋಟೆಕಾನ್‌ನಂಥ ಮದ್ದನ್ನು ಅವು ಒಳಬಂದ ಹಾಗೇ ಹೊರದಬ್ಬುತ್ತವೆ.

ಡೋಸ್ ಏರಿಸೋಣವೆಂದರೆ ಮೈ ತಡೆಯಬೇಕಲ್ಲ. ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ಕಕ್ಕಡದ ಮಳೆಯಲ್ಲಿ ಮಡಿಕೇರಿಯ ನಲ್ಲಿ ನೀರು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದಂತೆ. ಒಂದು ಗುಟುಕು ತಣ್ಣೀರಿಗೆ ಗಂಟಲೇ ಹಿಡಿದುಕೊಳ್ಳುತ್ತದೆ.

ಮದ್ದನ್ನು ಲಿಪೋಸೋಮ್ ಎಂಬ ಕೊಬ್ಬಿನ ಪುಟ್ಟ ಗುಳ್ಳೆಯಲ್ಲೋ, ಕಣ್ಣಿಗೆ ಕಾಣದಷ್ಟು ಚಿಕ್ಕ ನ್ಯಾನೋಕಣದಲ್ಲೋ ತುಂಬಿದರೆ ಕೋಶ ಅದನ್ನು ಇಡಿಯಾಗಿ ನುಂಗುತ್ತದೆ, ಪಂಪಿಗೆ ಸಿಗುವುದು ಕಡಿಮೆ. ಲಿಪೋಸೋಮಿನ ಇರಿನೋಟೆಕಾನ್‌ಗೆ ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿದೆ. ಇನ್ನೊಂದು ದಾರಿ ನಮ್ಮ ಕಿತ್ತಳೆ ಸಿಪ್ಪೆಯಲ್ಲೂ ಇರುವ ಪೆಕ್ಟಿನ್. ಅದನ್ನು ಬೇಗ ಕರಗದಂತೆ ಹದಮಾಡಿ ಗುಳಿಗೆಗೆ ಲೇಪಿಸಿದರೆ ಜಠರ, ಸಣ್ಣ ಕರುಳು ದಾಟುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಮದ್ದು ಬೇಕಾದ ಜಾಗದಲ್ಲೇ ಬಿಚ್ಚಿಕೊಳ್ಳುತ್ತದೆ. ಇಂಥದ್ದಕ್ಕಲ್ಲದೆ ಇನ್ಯಾವುದಕ್ಕೆ ದುಡ್ಡು ಹಾಕುವುದು?

ವಿರೋಧ

2015ರ ಆ ಒಪ್ಪಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ, ಕರುಳಿನದ್ದಕ್ಕಲ್ಲ. ಪೆಕ್ಟಿನ್ ಗುಳಿಗೆ ಕೇಳಲು ಚೆಂದ. ಆದರೆ ಮದ್ದಿಗೆ ಬಗ್ಗದ ರೋಗ ಅಷ್ಟರಲ್ಲಿ ಹೆಚ್ಚಾಗಿ ಯಕೃತ್ತಿಗೆ ಹಬ್ಬಿರುತ್ತದೆ. ಕರುಳಲ್ಲಿ ಬಿಚ್ಚಿಕೊಂಡ ಮದ್ದು ಅಲ್ಲಿಗೆ ಎಷ್ಟು ಮುಟ್ಟೀತು?

ರಕ್ತಕ್ಕೆ ಚುಚ್ಚುವ ನ್ಯಾನೋಕಣಗಳ ಲೆಕ್ಕವೂ ಅಷ್ಟಕ್ಕಷ್ಟೆ. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಮಾಡಿದ 2016ರ ವಿಶ್ಲೇಷಣೆಯಲ್ಲಿ, ಗಡ್ಡೆ ಸೇರಿದ ಡೋಸಿನ ಮಧ್ಯಾಂಕ ಶೇ. 0.7. ಪಂಪೊಂದೇ ಶತ್ರುವೂ ಅಲ್ಲ. 5-ಫ್ಲೋರೋಯುರಾಸಿಲ್ ಕಟ್ಟಿಹಾಕಬೇಕಾದ ಥೈಮಿಡೈಲೇಟ್ ಸಿಂಥೇಸ್ ಕಿಣ್ವವನ್ನು ಕೋಶ ಬೇಕಾದಷ್ಟು ತಯಾರಿಸಿಕೊಂಡರೆ, ಮದ್ದು ಯಾವ ಗಾಡಿ ಹತ್ತಿ ಬಂದರೇನು?

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಮೊದಲ ಮಾತು ಮೂಲವ್ಯಾಧಿ. ಕಷಾಯ ಕುಡಿದು, ಪಂದಿಕರಿ ಬಿಟ್ಟು ನೋಡಿ, ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡಿ, ಕಡೆಗೆ ರೈಲೇ ಇಲ್ಲದ ಜಿಲ್ಲೆಯಿಂದ ಬಸ್ಸು ಹಿಡಿದು ಮೈಸೂರಿಗೋ ಮಂಗಳೂರಿಗೋ ಹೋಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಪಾಲಿಪ್, ಅಂದರೆ ಕರುಳ ಗೋಡೆಯ ಸಣ್ಣ ಗಂಟು, ಆಗಿದ್ದಾಗಲೇ ಕೊಲೊನೊಸ್ಕೋಪಿಯಲ್ಲಿ (ಕರುಳೊಳಗೆ ಕ್ಯಾಮೆರಾ ಕೊಳವೆ ಇಳಿಸಿ) ಕತ್ತರಿಸಿ ತೆಗೆದರೆ ಅದು ಕ್ಯಾನ್ಸರ್ ಆಗುವುದೇ ತಪ್ಪುತ್ತದೆ. ದುಡ್ಡು ಮೊದಲು ಸೋಮವಾರಪೇಟೆ, ವಿರಾಜಪೇಟೆಗಳಲ್ಲಿ ಮಲಪರೀಕ್ಷೆಗೆ ಹೋಗಲಿ. ಅದರಲ್ಲಿ ರಕ್ತ ಸಿಕ್ಕವರಿಗೆ ಜಿಲ್ಲೆಯೊಳಗೇ, ಕಾಯಿಸದೆ ಕೊಲೊನೊಸ್ಕೋಪಿ ಆಗಲಿ.