ಕೈಯಲ್ಲಿ ಏನು ಹಿಡಿದಿದ್ದಾರೆ?

ಫೋಟೊ ತೋರಿಸಿದರೆ ನಮ್ಮೂರಿನಲ್ಲಿ ಯಾರೂ ಅದರಲ್ಲಿ ಏನಿದೆ ಎಂದು ಹೇಳುವುದಿಲ್ಲ. ಒಂದು ಮದುವೆ ಆಲ್ಬಮ್ ತೆರೆದಿಡಿ, ನೋಡಿ. "ಇವರು ಬಾರ್ಕೂರಿನವರಲ್ವಾ?" "ಈ ಸೀರೆ ಅವಳದ್ದಲ್ಲ, ತಂಗಿಯದ್ದು." "ಹಲ್ಲು ಕಿರಿದದ್ದು ನೋಡು, ಧಾರೆಗೆ ಮಾತ್ರ ಬರಲಿಲ್ಲ." ಅದರ ನಡುವೆ ಯಾರಾದರೂ "ಮದುಮಗಳು ಕೆಂಪು ಸೀರೆ ಉಟ್ಟಿದ್ದಾಳೆ, ಪಕ್ಕದಲ್ಲಿ ಮದುಮಗ ನಿಂತಿದ್ದಾನೆ" ಎಂದರೆ ಉಳಿದವರು ಅವರ ಮುಖ ನೋಡಿಯಾರು. ಅದು ಕಾಣುತ್ತದಲ್ಲ, ಹೇಳುವುದೇನು?

ಇಂಗ್ಲಿಷ್ ಪರೀಕ್ಷೆಯವರಿಗೆ ಬೇಕಾದದ್ದು ಅದೇ. ಉಡುಪಿಯಲ್ಲಿರುವ ಅಕ್ಕನ ಮಗಳು ಎಂ.ಎಸ್. ಓದಲು ಹೊರದೇಶಕ್ಕೆ ಹೊರಟಿದ್ದಾಳೆ. ಡ್ಯುಯೊಲಿಂಗೊ ಇಂಗ್ಲಿಷ್ ಟೆಸ್ಟ್ ಕಟ್ಟಿದ್ದಾಳೆ. ಮನೆಯಲ್ಲೇ ಬಾಗಿಲು ಹಾಕಿಕೊಂಡು, ಕ್ಯಾಮೆರಾ ಎದುರು ಕೂತು ಬರೆಯುವ ಪರೀಕ್ಷೆ. ಸ್ಕ್ರೀನಿನ ಮೇಲೆ ಒಂದು ಫೋಟೊ ಬರುತ್ತದೆ, ಒಂದು ನಿಮಿಷದಲ್ಲಿ ಅದರ ಬಗ್ಗೆ ಬರೆಯಬೇಕು. ಇನ್ನೊಂದು ಫೋಟೊ ಬಂದಾಗ ಬಾಯಲ್ಲಿ ಹೇಳಬೇಕು, ಯೋಚಿಸಲು 20 ಸೆಕೆಂಡು. ಕೇಂಬ್ರಿಜ್‌ನವರ ಬಿ1 ಪ್ರಿಲಿಮಿನರಿ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲೂ ಫೋಟೊ ಕೊಟ್ಟು ಸುಮಾರು ಒಂದು ನಿಮಿಷ ಮಾತಾಡಿಸುತ್ತಾರೆ. ಅಲ್ಲಿ ಎದುರಿಗೆ ಮನುಷ್ಯರಾದರೂ ಇರುತ್ತಾರೆ. ಇಲ್ಲಿ ಲ್ಯಾಪ್‌ಟಾಪಿಗೇ ವರದಿ ಒಪ್ಪಿಸಬೇಕು. ಆ ಹೊತ್ತಿಗೆ ಮಿಕ್ಸಿ ಹಾಕಬಾರದು ಎಂದು ಅಕ್ಕನಿಗೆ ಈಗಲೇ ಆರ್ಡರ್ ಆಗಿದೆ.

ಫೋಟೊ ವರ್ಣಿಸಲು ಒಂದು ಕ್ರಮ ಇದೆ. ಮೊದಲು ಒಟ್ಟಾರೆ ಏನು ಕಾಣುತ್ತದೆ. ಆಮೇಲೆ ಎದುರಿನದ್ದು, ಹಿಂದಿನದ್ದು, ಎಡ, ಬಲ. ಜನ ಇದ್ದರೆ ಏನು ಮಾಡುತ್ತಿದ್ದಾರೆ: ಸ್ಟ್ಯಾಂಡಿಂಗ್, ಹೋಲ್ಡಿಂಗ್, ಸ್ಮೈಲಿಂಗ್. "ನಾನು ಸಾರಿಗೂ ಇಷ್ಟು ಇಂಗು ಹಾಕುವುದಿಲ್ಲ" ಎಂದಳು ಅಕ್ಕ.

ಅಭ್ಯಾಸಕ್ಕೆ ನನ್ನ ಮೊಬೈಲಿನ ಫೋಟೊಗಳೇ ಆಗುತ್ತವೆ. ಒಂದು ಮಲ್ಪೆ ಬಂದರಿನದ್ದು. ಹುಡುಗಿ ಶುರು ಮಾಡಿದಳು. ತುಂಬಾ ಬೋಟುಗಳು ಒತ್ತೊತ್ತಾಗಿ ನಿಂತಿವೆ, ಆಕಾಶದಲ್ಲಿ ಕಪ್ಪು ಮೋಡ ಇದೆ, ಬೋಟು ಕಟ್ಟುವ ದಕ್ಕೆಯಲ್ಲಿ ಹೆಚ್ಚು ಜನ ಇಲ್ಲ. ಎಲ್ಲ ಸರಿಯೇ, ಮಾರ್ಕು ಕೊಡಬೇಕಾದದ್ದೇ. ಆದರೆ ಮಲ್ಪೆಯ ಯಾವ ಹುಡುಗನಿಗೆ ತೋರಿಸಿದರೂ ಅವನು ಬೋಟು, ಮೋಡ ಅನ್ನುತ್ತ ಕೂರುವುದಿಲ್ಲ, "ಇದು ಮಳೆಗಾಲದ ರಜೆಯದ್ದು" ಎಂದು ಮುಗಿಸುತ್ತಾನೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ಏನಿದ್ದರೂ ನಾಡದೋಣಿಯವರದ್ದೇ ಕಾರುಬಾರು. ಬೇರೆ ತಿಂಗಳಲ್ಲಿ ಬೆಳಿಗ್ಗೆ ಹೋದರೆ ಅದೇ ದಕ್ಕೆಯಲ್ಲಿ ಕಾಲಿಡಲು ಜಾಗ ಇಲ್ಲ. ಬಂಗುಡೆ ಬುಟ್ಟಿ, ಐಸಿನ ಪುಡಿ, ಏಲಂ ಕೂಗು, ಆ ವಾಸನೆ. ಹಾಗಾಗಿ ಆ ಫೋಟೊದಲ್ಲಿ ಮುಖ್ಯವಾದದ್ದೇ ಫೋಟೊದಲ್ಲಿಲ್ಲ. ಪರೀಕ್ಷೆಯವರು ಅದನ್ನು ಕೇಳುವುದೂ ಇಲ್ಲ.

ಯಕ್ಷಗಾನದ ಫೋಟೊ ಇನ್ನೂ ಫಜೀತಿ. "ಒಬ್ಬ ಮನುಷ್ಯ ಬಣ್ಣ ಬಣ್ಣದ ಬಟ್ಟೆ ಹಾಕಿ, ತಲೆಗೆ ದೊಡ್ಡದೇನೋ ಕಟ್ಟಿಕೊಂಡಿದ್ದಾನೆ." ಕೇದಗೆ ಮುಂದಲೆ ಕಟ್ಟಿ ರಂಗಸ್ಥಳದಲ್ಲಿ ಗಿರ್ಕಿ ಹೊಡೆಯುವ ಅಭಿಮನ್ಯುವಿಗೆ ಈ ಗತಿ! ಹಾಗಂತ ದ್ರೋಣ, ಚಕ್ರವ್ಯೂಹ ಎಂದು ಹೊರಟರೆ ಭಾಗವತರು ಪದ್ಯ ಎತ್ತುವುದರೊಳಗೆ ನಿಮಿಷ ಮುಗಿದಿರುತ್ತದೆ.

ಈ ಪರೀಕ್ಷೆಯಲ್ಲಿ ನನಗೆ ಹಿಡಿಸಿದ ಒಂದು ಸಂಗತಿ ಇದೆ. ಊಹೆಯನ್ನು ಊಹೆ ಎಂದೇ ಹೇಳಬೇಕು. ಅವರಿಬ್ಬರು ಗಂಡ ಹೆಂಡತಿ ಇರಬಹುದು. ಬಸ್ಸಿಗೆ ಕಾಯುತ್ತಿರುವ ಹಾಗೆ ಕಾಣುತ್ತದೆ. ಎಷ್ಟು ಮರ್ಯಾದೆಯ ಮಾತು! ನಮ್ಮ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಟ್ಟಿಗೆ ನಿಂತದ್ದು ಯಾರದ್ದಾದರೂ ಫೋಟೊದಲ್ಲಿ ಬಿತ್ತು ಅನ್ನಿ, ಅಲ್ಲಿ "ಇರಬಹುದು" ಎಂಬುದಕ್ಕೆಲ್ಲ ಜಾಗ ಇಲ್ಲ. ಸಂಜೆಯೊಳಗೆ ಎರಡೂ ಮನೆಯ ಜಾತಕ ಹೊರಗೆ ಬಂದಿರುತ್ತದೆ.

ಗುರುತು ಪರಿಚಯ ಇಲ್ಲದವರ ಫೋಟೊ ಆದರೆ ನಾವೂ ಪರೀಕ್ಷೆಯ ದಾರಿಗೇ ಬರಬೇಕು. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅವರ ಕಾಲದ ಎಷ್ಟೋ ಫೋಟೊಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿವೆ, ಇಂಟರ್‌ನೆಟ್‌ನಲ್ಲೂ ನೋಡಬಹುದು. ಹಂಚು ಮಾಡುತ್ತಿದ್ದ ಆ ಜನರನ್ನು ತೋರಿಸಿ, ಇವರು ಯಾರ ಅಜ್ಜಿ, ಯಾವ ಮನೆ ಎಂದು ಕೇಳೋಣ ಎಂದರೆ ಹೇಳುವವರು ಈಗ ಎಲ್ಲಿದ್ದಾರೆ? ಹೆಸರಿಲ್ಲ, ಸಂಬಂಧ ಇಲ್ಲ, ಆಡಿಕೊಳ್ಳಲು ಸುದ್ದಿಯೂ ಇಲ್ಲ. ಆಗ ಸುಮ್ನೆ ನೋಡುತ್ತೇವೆ. ಕಾಲಲ್ಲಿ ಚಪ್ಪಲಿ ಇದೆಯಾ, ಕೈ ಎಲ್ಲಿಟ್ಟಿದ್ದಾರೆ, ಕ್ಯಾಮೆರಾ ಕಂಡು ಹೆದರಿದ್ದಾರಾ. ಪರಿಚಯದವರಾಗಿದ್ದರೆ ಇಷ್ಟು ಹೊತ್ತು ನೋಡುತ್ತಲೇ ಇರಲಿಲ್ಲ. ಮುಖ ಗುರುತು ಸಿಕ್ಕಿದ ಕೂಡಲೇ ನಮ್ಮ ಕಣ್ಣಿನ ಕೆಲಸ ಮುಗಿದು ಬಾಯಿಯ ಕೆಲಸ ಶುರುವಾಗುತ್ತದೆ.

ಇದು ಅಕ್ಕನ ಮನೆಯಲ್ಲೇ ಸಾಬೀತಾಯಿತು. ಚಾವಡಿಯ ಗೋಡೆಯಲ್ಲಿ ಅವರ ಮನೆ ಒಕ್ಕಲಿನ ಗ್ರೂಪ್ ಫೋಟೊ ಇದೆ. ಬಂದವರೆಲ್ಲ ಅದರ ಎದುರು ನಿಂತು ಯಾರು ಯಾರಿದ್ದಾರೆ, ಯಾರು ಈಗ ಇಲ್ಲ ಎಂದು ಹೇಳಿ ಹೋಗುತ್ತಾರೆ. ಮೊನ್ನೆ ಹುಡುಗಿ ಅದನ್ನೇ ಹಿಡಿದಳು. ನಾನು ಮೊಬೈಲಿನಲ್ಲಿ ಟೈಮ್ ಇಟ್ಟೆ. ಹೊಸ ಮನೆಯ ಎದುರು ಒಂದು ಕುಟುಂಬ ನಿಂತಿದೆ. ಹಿಂದೆ ಮಾವಿನ ತೋರಣ ಕಾಣುತ್ತದೆ. ಎಡಗಡೆ ನಿಂತ ವಯಸ್ಸಾದ ಗಂಡಸು ಈಸ್ ಹೋಲ್ಡಿಂಗ್... ಅಷ್ಟಕ್ಕೇ ನಿಂತಿತು.

"ಮಾವ, ದೊಡ್ಡಪ್ಪನ ಕೈಯಲ್ಲಿ ಚಪ್ಪಲಿ!"

ನೋಡಿದರೆ ಹೌದು. ಪಂಚೆಯ ಮರೆಯಲ್ಲಿ, ಅರ್ಧಂಬರ್ಧ, ಎರಡು ಬೆರಳಿಗೆ ಸಿಕ್ಕಿಸಿಕೊಂಡ ಒಂದು ಜೊತೆ ಚಪ್ಪಲಿ.

ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಎಲ್ಲಿ? ಎಲ್ಲಿ? ನೋಡಿದ್ಯಾ! ಊಟ ಮಾಡದೆ ಸಿಟ್ಟಲ್ಲಿ ಹೊರಟಿದ್ದರು, ಅಂಗಳದಿಂದ ಕರೆದು ತಂದು ನಿಲ್ಲಿಸಿದ್ದು ಅಂತ ನಾನು ಬಡಕೊಂಡರೂ ನಿನ್ನ ಅಪ್ಪ ಒಪ್ಪುವುದಿಲ್ಲ. ಅಣ್ಣನಿಗೆ ಸಿಟ್ಟೇ ಬರುವುದಿಲ್ಲವಂತೆ! ಕರಿ ಅವರನ್ನು."

"ಅಮ್ಮಾ, ನನ್ನ ಟೈಮ್ ಹೋಯ್ತು!"

ಅವಳ ಟೈಮು ಯಾರಿಗೆ ಬೇಕು? ಅಕ್ಕ ಫೋಟೊ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಭಾವ ಕನ್ನಡಕ ಹುಡುಕಿಕೊಂಡು ಬರುವುದನ್ನೇ ಕಾಯುತ್ತ ನಿಂತಳು.